ನೆವರ್‌ವಿಂಟರ್ ಸರ್ವರ್‌ನಲ್ಲಿ ಮಾತಿಗೆ ಸಿಗುವ ಪಾತ್ರ, ಮಧುಗಿರಿಯಲ್ಲೊಂದು ಸ್ವಂತ ಸರ್ವರ್

ಪ್ರಶ್ನೆ: ಸರ್, ನಾವು ಮಧುಗಿರಿಯ ಐದು ಜನ ಗೆಳೆಯರು. ಕೆಲವು ತಿಂಗಳಿಂದ ನೆವರ್‌ವಿಂಟರ್ ನೈಟ್ಸ್ ಎಂಬ ಕಂಪ್ಯೂಟರ್ ಗೇಮಿನ ಒಂದು ವಿದೇಶಿ ರೋಲ್‌ಪ್ಲೇ ಸರ್ವರ್‌ನಲ್ಲಿ, ಅಂದರೆ ಪಾತ್ರ ಧರಿಸಿ ಒಟ್ಟಿಗೆ ಕಥೆ ಕಟ್ಟುವ ಕಡೆ, ಆಡುತ್ತಿದ್ದೇವೆ. ಹುಚ್ಚು ಹಿಡಿದಂತಾಗಿದೆ, ತುಮಕೂರಿನ ಕಾಲೇಜು ಬಸ್ಸಿನಲ್ಲೂ ಅದೇ ಮಾತು. ಆದರೆ ನಮ್ಮ ಪಾತ್ರಗಳು ಹೊಡೆದಾಟದಲ್ಲಿ ಎಷ್ಟೇ ಜೋರಿದ್ದರೂ ಹಳಬರು ಕಥೆಯೊಳಗೆ ಸೇರಿಸಿಕೊಳ್ಳುವುದಿಲ್ಲ. ಜೊತೆಗೆ ಆಗಾಗ ಕನೆಕ್ಷನ್ ಕಡಿದುಹೋಗುತ್ತದೆ. ನಮ್ಮದೇ ಸರ್ವರ್ ಮಾಡಿ, ನಮ್ಮ ಬೆಟ್ಟದಂಥ ಕೋಟೆ, ಪಾಳೇಗಾರರನ್ನು ಇಟ್ಟು ಕನ್ನಡದಲ್ಲೇ ಆಡಬೇಕೆಂಬ ಆಸೆಯೂ ಇದೆ. ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ, ಸಾಕಾ?

ಉತ್ತರ: ಡೆಸ್ಕ್‌ಟಾಪ್ ಧಾರಾಳವಾಗಿ ಸಾಕು. ಸಾಲದೇ ಹೋಗುವುದು ಇಂಟರ್‌ನೆಟ್, ಅದಕ್ಕೆ ಆಮೇಲೆ ಬರೋಣ. ಮೊದಲು ಹಳಬರು ಸೇರಿಸಿಕೊಳ್ಳದ ವಿಷಯ. ಅದರ ಕಾರಣ ತಿಳಿಯದೆ ಸ್ವಂತ ಸರ್ವರ್ ಕಟ್ಟಿದರೆ ಅಲ್ಲೂ ಅದೇ ಗೋಳು.

ಹೊಡೆದಾಟಕ್ಕೆಂದು ಕಟ್ಟಿದ ಫೈಟರ್ ಹೇಗಿರುತ್ತಾನೆ ಅಂತ ಊಹಿಸುವುದು ಕಷ್ಟವಲ್ಲ. ಈ ಗೇಮಿನಲ್ಲಿ ಆರೂ ಸಾಮರ್ಥ್ಯಗಳು 8ರಿಂದ ಶುರುವಾಗುತ್ತವೆ, ಖರ್ಚಿಗೆ 30 ಪಾಯಿಂಟ್ ಸಿಗುತ್ತದೆ. 14ರವರೆಗೆ ಒಂದೊಂದಕ್ಕೆ ಒಂದು ಪಾಯಿಂಟ್, 15 ಮತ್ತು 16ಕ್ಕೆ ಎರಡೆರಡು, 17 ಮತ್ತು 18ಕ್ಕೆ ಮೂರು ಮೂರು. ಹೊಸಬರು ಸ್ಟ್ರೆಂತ್ (ಬಲ) 18, ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 16, ಡೆಕ್ಸ್‌ಟೆರಿಟಿ (ಚುರುಕು) 12 ಇಟ್ಟು ಮೂವತ್ತನ್ನೂ ಅಲ್ಲೇ ಮುಗಿಸುತ್ತಾರೆ. ಬುದ್ಧಿ (ಇಂಟೆಲಿಜೆನ್ಸ್), ವಿವೇಕ (ವಿಸ್ಡಮ್), ವರ್ಚಸ್ಸು (ಕರಿಸ್ಮಾ) ಮೂರೂ 8. ಅಂಥವನು ಕಾವಲುಗಾರನನ್ನು ಒಪ್ಪಿಸಲು ಹೋದರೆ ಏನಾಗುತ್ತದೆ ನೋಡಿ. ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) 15ರ ಗುರಿ ಇಟ್ಟು ಪರ್ಸ್ವೇಡ್, ಅಂದರೆ ಮಾತಿನಲ್ಲಿ ಒಪ್ಪಿಸುವ ಕೌಶಲಕ್ಕೆ ದಾಳ ಉರುಳಿಸಲು ಹೇಳಿದರೆ ವರ್ಚಸ್ಸು 8 ಇರುವ ಇವನಿಗೆ ಮೈನಸ್ ಒಂದು, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 16 ಅಥವಾ ಮೇಲೆ ಬೀಳಬೇಕು. ನಾಲ್ಕು ಸಲಕ್ಕೆ ಒಂದು ಸಲ ಗೆದ್ದರೆ ಹೆಚ್ಚು. ಅದರ ಬದಲು ಸ್ಟ್ರೆಂತ್ 16, ಡೆಕ್ಸ್‌ಟೆರಿಟಿ 12, ಕಾನ್‌ಸ್ಟಿಟ್ಯೂಷನ್ 14, ಇಂಟೆಲಿಜೆನ್ಸ್ 12, ವಿಸ್ಡಮ್ 8, ಕರಿಸ್ಮಾ 14 ಇಡಿ. ಇದೂ ಸರಿಯಾಗಿ 30. ಒಂದನೇ ಲೆವೆಲ್‌ನಲ್ಲೇ ಪರ್ಸ್ವೇಡ್‌ಗೆ ಎರಡು ರ‍್ಯಾಂಕ್ ಹಾಕಿ. ಫೈಟರ್‌ಗೆ ಅದು ಕ್ರಾಸ್ ಕ್ಲಾಸ್ ಸ್ಕಿಲ್, ಅಂದರೆ ಅವನ ವರ್ಗಕ್ಕೆ ಸೇರದ ಕೌಶಲ, ದುಪ್ಪಟ್ಟು ಪಾಯಿಂಟ್ ತಿನ್ನುತ್ತದೆ, ತಿನ್ನಲಿ. ಈಗ ಅದೇ ಕಾವಲುಗಾರನ ಮುಂದೆ ಕರಿಸ್ಮಾದಿಂದ ಎರಡು, ರ‍್ಯಾಂಕಿನಿಂದ ಎರಡು, ಒಟ್ಟು ಪ್ಲಸ್ ನಾಲ್ಕು, ಎರಡು ಸಲಕ್ಕೊಮ್ಮೆ ಗೆಲುವು. ಕಳೆದುಕೊಂಡದ್ದು ಹೊಡೆತದಲ್ಲಿ ಒಂದಂಕ, ಪ್ರತಿ ಲೆವೆಲ್‌ಗೆ ಒಂದು ಹಿಟ್ ಪಾಯಿಂಟ್ (ಪೆಟ್ಟು ತಾಳುವ ಅಂಕ). ರೋಲ್‌ಪ್ಲೇ ಸರ್ವರ್‌ನಲ್ಲಿ ಇದು ಲಾಭದ ವ್ಯಾಪಾರ.

ಅಂಕಿಗಿಂತ ಮುಖ್ಯವಾದದ್ದು ಪಾತ್ರ ಮಾಡುವಾಗ ಸಿಗುವ ಡಿಸ್ಕ್ರಿಪ್ಷನ್ ಪೆಟ್ಟಿಗೆ. ಬೇರೆಯವರು ನಿಮ್ಮ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸಾಮಿನ್ ಒತ್ತಿದಾಗ ಕಾಣುವುದು ಅದೇ. ಹೆಚ್ಚಿನವರು ಅಲ್ಲಿ ಅಪ್ಪ ಅಮ್ಮನನ್ನು ರಾಕ್ಷಸರು ಕೊಂದ ಕಥೆ ಬರೆಯುತ್ತಾರೆ. ಆ ಕಥೆಯಿಂದ ಎದುರಿನವನಿಗೆ ಮಾಡಲು ಏನೂ ಸಿಗುವುದಿಲ್ಲ. ಕಣ್ಣಿಗೆ ಬೀಳುವುದನ್ನು ಮಾತ್ರ ಬರೆಯಿರಿ, ಒಂದು ಪ್ರಶ್ನೆ ಹುಟ್ಟುವಂತೆ ಬರೆಯಿರಿ: ಎಡಗೈಯ ಎರಡು ಬೆರಳಿಲ್ಲ, ಸೊಂಟದಲ್ಲಿ ಯಾವುದೋ ದೊಡ್ಡ ಬಾಗಿಲಿನ ಕೀಲಿ. ಆ ಕೀಲಿ ಯಾವುದರದ್ದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜೊತೆಗೆ ಪಾತ್ರಕ್ಕೆ ಒಬ್ಬನೇ ಸಾಧಿಸಲಾಗದ ಒಂದು ಬೇಡಿಕೆ ಇರಲಿ. ದೊಡ್ಡ ಬೇಡಿಕೆ ಬೇಡ. ಕದ್ದುಹೋದ ಕುದುರೆ, ಓದಲು ಬಾರದ ಓಲೆ, ತೀರಿಸಬೇಕಾದ ಸಾಲ ಸಾಕು.

ಇನ್ನು ಟೈಪ್ ಮಾಡುವ ರೀತಿ. ನಕ್ಷತ್ರ ಚಿಹ್ನೆಗಳ ನಡುವೆ ಕ್ರಿಯೆ, ಹೊರಗೆ ಮಾತು, ಆಟದ ಹೊರಗಿನ ಮಾತಿಗೆ ಜೋಡಿ ಬ್ರಾಕೆಟ್, ಇಷ್ಟು ನಿಮಗೆ ಗೊತ್ತೇ ಇದೆ. ತಪ್ಪಾಗುವುದು ಬೇರೆ ಕಡೆ. ಎರಡು ಸಾಲು ಹೋಲಿಸಿ:

*ಕಾವಲುಗಾರನನ್ನು ಒಂದೇ ಏಟಿಗೆ ಗೋಡೆಗೆ ಒತ್ತಿ ಹಿಡಿಯುತ್ತಾನೆ, ಅವನು ಹೆದರುತ್ತಾನೆ*

*ಬುತ್ತಿ ಗಂಟನ್ನು ಕಲ್ಲಿನ ಮೇಲಿಟ್ಟು ಹಿಂದಕ್ಕೆ ತಿರುಗಿ ನೋಡುತ್ತಾನೆ* ಅಣ್ಣ, ಕತ್ಲಾಗೋಕ್ ಮುಂಚೆ ಒಳಕ್ ಬಿಡ್ತೀಯಾ? ಕೆರೆ ಏರಿ ತಾವಿಂದ ಯಾರೋ ನಮ್ ಹಿಂದೇನೇ ಬತ್ತಾವ್ರೆ.

ಮೊದಲ ಸಾಲಿನಲ್ಲಿ ಕಾವಲುಗಾರನ ಪಾತ್ರವನ್ನೂ ನೀವೇ ಆಡಿ ಮುಗಿಸಿಬಿಟ್ಟಿರಿ. ಎದುರಿಗೆ ಕೂತವನಿಗೆ ಏನೂ ಉಳಿಯಲಿಲ್ಲ. ಎರಡನೆಯದರಲ್ಲಿ ಅವನಿಗೆ ದಾರಿಗಳಿವೆ: ಬಾಗಿಲು ತೆಗೆಯಬಹುದು, ಲಂಚ ಕೇಳಬಹುದು, ಏರಿಯ ಕಡೆ ಜನ ಕಳಿಸಬಹುದು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಮೂರನೆಯವನೂ ಒಳಗೆ ಬರಬಹುದು. ರೋಲ್‌ಪ್ಲೇಯಲ್ಲಿ ಒಳ್ಳೆಯ ಆಟಗಾರ ಅಂತ ಹೆಸರು ಬರುವುದು ಬೇರೆಯವರ ಕೈಗೆ ಕೆಲಸ ಕೊಡುವವನಿಗೆ. ಈ ಒಂದು ಅಳತೆಗೋಲು ಇಟ್ಟುಕೊಂಡರೆ ಮುಂದೆ ಸರ್ವರ್ ಕಟ್ಟುವಾಗಲೂ ಉಪಯೋಗಕ್ಕೆ ಬರುತ್ತದೆ.

ಐದು ಜನ ಗೆಳೆಯರು ಎಂದಿರಿ. ಹಾಗಾದರೆ ಬಹುಶಃ ಫೋನಿನಲ್ಲೋ ಡಿಸ್ಕಾರ್ಡ್‌ನಲ್ಲೋ ಕಾಲ್ ಹಾಕಿಕೊಂಡೇ ಆಡುತ್ತೀರಿ. ನಿಮ್ಮ ಕಿವಿಯಲ್ಲಿ ನಗು, ಗಲಾಟೆ ಇರುತ್ತದೆ; ಸ್ಕ್ರೀನ್ ಮೇಲೆ ಬೇರೆಯವರಿಗೆ ಕಾಣುವುದು ಒಂದಕ್ಷರ ಮಾತಾಡದೆ ಸಾಲಾಗಿ ನಿಂತ ಐದು ಗೊಂಬೆ. ಮೇಲಾಗಿ ಒಬ್ಬನಿಗೆ ಗುಹೆಯಲ್ಲಿ ಕಂಡದ್ದು ಪಟ್ಟಣದಲ್ಲಿದ್ದ ನಾಲ್ವರಿಗೂ ತಕ್ಷಣ ಗೊತ್ತಾದರೆ ಅದು ಮೆಟಾಗೇಮಿಂಗ್. ಹಳಬರು ಇದನ್ನು ಬೇಗ ಗುರುತಿಸುತ್ತಾರೆ, ಹೇಳದೆ ದೂರ ಸರಿಯುತ್ತಾರೆ. ಕಾಲ್ ಬಿಡಿ. ಇಬ್ಬರು ಒಂದು ಊರಿನಲ್ಲಿ, ಮೂವರು ಬೇರೆ ಬೇರೆ ಪಂಗಡದಲ್ಲಿ ಶುರುಮಾಡಿ.

ಹೊತ್ತಿನ ಲೆಕ್ಕವೂ ಇದೆ. ನಮ್ಮ ರಾತ್ರಿ ಎಂಟು ಅಂದರೆ ಲಂಡನ್ನಿನಲ್ಲಿ ಮಧ್ಯಾಹ್ನ ಎರಡೂವರೆ, ಬೇಸಿಗೆಯಲ್ಲಾದರೆ ಮೂರೂವರೆ. ಜನ ಕೆಲಸದಲ್ಲಿರುತ್ತಾರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟಾಗುವಾಗ ನಮಗೆ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ. ಆದ್ದರಿಂದ ಅಮೆರಿಕದವರು ಹೆಚ್ಚಿರುವ ಸರ್ವರ್ ಆದರೆ ಭಾನುವಾರ ಬೆಳಗ್ಗೆ ಬೇಗ ಎದ್ದು ಕೂತು ನೋಡಿ, ಶನಿವಾರ ರಾತ್ರಿಯ ತುಂಬಿದ ಸರ್ವರ್ ಸಿಗುತ್ತದೆ.

ಈಗ ಕನೆಕ್ಷನ್. ಅಮೆರಿಕದ ಸರ್ವರ್‌ಗೆ ಇಲ್ಲಿಂದ 250 ಮಿಲಿಸೆಕೆಂಡಿನ ಆಸುಪಾಸು ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ಬರುವುದು ಸಹಜ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶೂಟಿಂಗ್ ಗೇಮಿಗೆ ಅದು ವಿಷ. ಇಲ್ಲಿ ಹೋರಾಟದ ಒಂದು ಸುತ್ತೇ ಆರು ಸೆಕೆಂಡು, ಕಾಲು ಸೆಕೆಂಡಿನ ತಡ ತಿಳಿಯುವುದೇ ಇಲ್ಲ. ಕಡಿದುಹಾಕುವುದು ಪ್ಯಾಕೆಟ್ ಲಾಸ್, ಅಂದರೆ ಕಳಿಸಿದ ಸಂದೇಶದ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ನಿಮ್ಮ ರೌಟರ್‌ಗೆ (ಸಾಮಾನ್ಯವಾಗಿ 192.168.1.1 ಅಥವಾ 192.168.29.1) ನೂರು ಸಲ ಪಿಂಗ್ ಕಳಿಸಿ, ಆಮೇಲೆ ಹೊರಗಿರುವ ಗೂಗಲ್‌ನ 8.8.8.8ಕ್ಕೆ ನೂರು ಸಲ. ರೌಟರ್‌ಗೇ ಎರಡು ಮೂರು ಕಳೆದುಹೋದರೆ ತಪ್ಪು ಮನೆಯೊಳಗಿನ ವೈಫೈಯದ್ದು. ಒಂದು ಲ್ಯಾನ್ ಕೇಬಲ್ ಎಳೆದರೆ ಮುಗಿಯಿತು. ರೌಟರ್‌ಗೆ ಸೊನ್ನೆ, ಹೊರಗೆ ಮಾತ್ರ ನಷ್ಟ ಅಂದರೆ ಲೈನಿನ ತೊಂದರೆ. ಆ ಫಲಿತಾಂಶದ ಫೋಟೊ ತೆಗೆದು ಕೇಬಲ್‌ನವರಿಗೆ ತೋರಿಸಿ, ಬರೀ ಸ್ಲೋ ಇದೆ ಅಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿ ಹೊರಟುಬಿಡುತ್ತಾರೆ. ಕರೆಂಟ್ ಹೋದಾಗ ಕಡಿಯುತ್ತಿದ್ದರೆ ರೌಟರ್‌ಗೊಂದು 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಓದಿ. 2 ಆಂಪಿಯರ್ ಬೇಡುವ ರೌಟರ್‌ಗೆ 1 ಆಂಪಿಯರ್ ಯುಪಿಎಸ್ ಹಾಕಿದರೆ ದೀಪ ಉರಿಯುತ್ತದೆ, ರೌಟರ್ ಮಾತ್ರ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ.

ಹೊಸ ಸರ್ವರ್‌ಗೆ ಮೊದಲ ಸಲ ಹೋದಾಗ ಎನ್‌ಡಬ್ಲ್ಯೂಸಿಂಕ್ ಎಂಬ ಗೇಮಿನದೇ ವ್ಯವಸ್ಥೆ ಅದರ ಹ್ಯಾಕ್ ಫೈಲುಗಳನ್ನೆಲ್ಲ (ಆ ಸರ್ವರ್‌ಗೆಂದು ಸೇರಿಸಿದ ಚಿತ್ರ, ವಸ್ತುಗಳ ಕಡತಗಳನ್ನು) ಇಳಿಸಿಕೊಳ್ಳುತ್ತದೆ. ದೊಡ್ಡ ಸರ್ವರ್ ಆದರೆ ಹಲವು ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತರೆ ಅವತ್ತಿನ ಡೇಟಾ ಅಷ್ಟಕ್ಕೇ ಸರಿ. ಒಮ್ಮೆ ಇಳಿದದ್ದು ಮತ್ತೆ ಇಳಿಯುವುದಿಲ್ಲ, ಬದಲಾದದ್ದು ಮಾತ್ರ ಬರುತ್ತದೆ.

ಇನ್ನು ನಿಮ್ಮದೇ ಸರ್ವರ್.

ಗೇಮ್ 2002ರದ್ದು, ಬಯೋವೇರ್ ಮಾಡಿದ್ದು. ಈಗ ಬಳಕೆಯಲ್ಲಿರುವುದು 2018ರಲ್ಲಿ ಬೀಮ್‌ಡಾಗ್ ತಂದ ಎನ್‌ಹಾನ್ಸ್ಡ್ ಎಡಿಷನ್. ನಿಮ್ಮ ಗುಂಪಿನಲ್ಲಿ ಯಾರಾದರೂ ಹಳೆಯ ಡೈಮಂಡ್ ಎಡಿಷನ್ ಸಿಡಿ ಹಿಡಿದು ಬಂದರೆ ಅದು ಹೊಸ ಸರ್ವರ್‌ಗೆ ಸೇರುವುದಿಲ್ಲ. ಒಂದೇ ಕಾಪಿಯನ್ನು ಇಬ್ಬರು ಹಂಚಿಕೊಂಡು ಒಟ್ಟಿಗೆ ಒಳಗೆ ಬರುವುದೂ ಆಗದು, ಸಿಡಿ ಕೀ (ಪ್ರತಿ ಕಾಪಿಯ ಗುರುತಿನ ಸಂಕೇತ) ಬೇರೆ ಬೇರೆ ಇರಲೇಬೇಕು. ಸರ್ವರ್ ತಂತ್ರಾಂಶಕ್ಕೆ ಬೇರೆ ದುಡ್ಡಿಲ್ಲ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ನಕ್ಷೆ ಕಟ್ಟುವ ಅರೋರಾ ಟೂಲ್‌ಸೆಟ್ ಮಾತ್ರ ವಿಂಡೋಸ್‌ಗಷ್ಟೇ.

ಮನೆಯಲ್ಲಿಟ್ಟು ಓಡಿಸುವುದಾದರೆ ಮೊದಲು ಒಂದು ಪರೀಕ್ಷೆ. ರೌಟರ್‌ನ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ಏನಿದೆ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದು ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ರೌಟರ್‌ನಲ್ಲಿ ಒಳಬರುವ ದಾರಿ ತೆರೆದರೂ, ಹೊರಗಿನವರು ಒಳಗೆ ಬರಲಾರರು. ಎಷ್ಟೋ ಹುಡುಗರು ಇದು ಗೊತ್ತಿಲ್ಲದೆ ಫೈರ್‌ವಾಲ್ ಜೊತೆ ರಾತ್ರಿಯೆಲ್ಲ ಗುದ್ದಾಡುತ್ತಾರೆ. ಐದೇ ಜನಕ್ಕಾದರೆ ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಎಂಬ ಖಾಸಗಿ ಜಾಲ ಕಟ್ಟುವ ತಂತ್ರಾಂಶವನ್ನು ಎಲ್ಲರ ಕಂಪ್ಯೂಟರಿಗೂ ಹಾಕಿ, ಅದು ಕೊಡುವ ಐಪಿಯನ್ನು ಗೇಮಿನ ಡೈರೆಕ್ಟ್ ಕನೆಕ್ಟ್ ಜಾಗದಲ್ಲಿ ಬರೆದರೆ ಸಾಕು, ಪೋರ್ಟ್ ತೆರೆಯುವ ಗೊಡವೆಯೇ ಇಲ್ಲ.

ಹೊರಗಿನವರೂ ಬರಬೇಕು, ದಿನವಿಡೀ ಓಡಬೇಕು ಅಂದರೆ ಡೆಸ್ಕ್‌ಟಾಪ್ ಬೇಡ. 80 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ ಸುಮಾರು 2 ಯೂನಿಟ್, ತಿಂಗಳಿಗೆ 58ರ ಹತ್ತಿರ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಸರಾಸರಿ ಇದರಿಂದ ದಾಟಿದರೆ ಹೆಚ್ಚುವರಿಗೆ ಬಿಲ್, ಒಟ್ಟು 200 ಮೀರಿದರೆ ಪೂರ್ತಿ ಬಿಲ್. ಮನೆಯಲ್ಲಿ ಯಾರು ಉತ್ತರ ಕೊಡುವುದು? ಅದಕ್ಕಿಂತ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಡೇಟಾ ಸೆಂಟರ್ ಇರುವ ಕಂಪನಿಯಿಂದ 1 ಕೋರ್, 2 ಜಿಬಿ ರ‍್ಯಾಮಿನ ಚಿಕ್ಕ ವಿಪಿಎಸ್ (ಬಾಡಿಗೆಯ ವರ್ಚುವಲ್ ಕಂಪ್ಯೂಟರ್) ಹಿಡಿದು ಐದು ಜನ ಹಂಚಿಕೊಳ್ಳಿ. ಹತ್ತು ಹದಿನೈದು ಆಟಗಾರರಿಗೆ ಅಷ್ಟು ಸಾಕು. ತೆರೆಯಬೇಕಾದ ಪೋರ್ಟ್ 5121, ಯುಡಿಪಿ ಬಗೆಯದು. ಅಭ್ಯಾಸಬಲದಿಂದ ಇನ್ನೊಂದು ಬಗೆಯಾದ ಟಿಸಿಪಿ ತೆರೆದು ಕೂರುವುದು ಇಲ್ಲಿ ಸಾಮಾನ್ಯ ತಪ್ಪು. ಕಂಪನಿಯ ಫೈರ್‌ವಾಲ್ ಒಂದು, ಯಂತ್ರದೊಳಗಿನದು ಇನ್ನೊಂದು, ಎರಡರಲ್ಲೂ ತೆರೆಯಬೇಕು.

ಸರ್ವರ್ ಶುರುಮಾಡುವಾಗ ಸರಿಯಾಗಿ ಇಡಬೇಕಾದ ಆಯ್ಕೆಗಳು ಕೆಲವೇ. ಸರ್ವರ್ ವಾಲ್ಟ್ ಆನ್ ಇರಲಿ, ಅಂದರೆ ಪಾತ್ರದ ಫೈಲ್ ಸರ್ವರ್‌ನಲ್ಲೇ ಉಳಿಯಲಿ. ಲೋಕಲ್ ವಾಲ್ಟ್‌ಗೆ ಅವಕಾಶ ಕೊಟ್ಟರೆ ಆ ಫೈಲ್ ಆಟಗಾರನ ಕಂಪ್ಯೂಟರಿನಲ್ಲೇ ಇರುತ್ತದೆ, ಎಡಿಟರ್ ಹಾಕಿ ತಿದ್ದಿಕೊಂಡು ಬರುತ್ತಾನೆ. ನಿಯಮ ಮೀರಿದ ಪಾತ್ರಗಳನ್ನು ತಡೆಯುವ ಎನ್‌ಫೋರ್ಸ್ ಲೀಗಲ್ ಕ್ಯಾರೆಕ್ಟರ್ಸ್ ಆನ್. ಆಟಗಾರರು ಪಾಜ್ ಒತ್ತಿ ಆಟ ನಿಲ್ಲಿಸುವ ಅವಕಾಶ ಆಫ್, ಇಲ್ಲದಿದ್ದರೆ ಒಬ್ಬ ಊಟಕ್ಕೆ ಎದ್ದರೆ ಎಲ್ಲರ ಲೋಕವೂ ನಿಲ್ಲುತ್ತದೆ. ಡಿಎಂ ಪಾಸ್‌ವರ್ಡ್ ಮತ್ತು ಆಟಗಾರರ ಪಾಸ್‌ವರ್ಡ್ ಬೇರೆ ಬೇರೆ.

ನಕ್ಷೆಗೆ ಬರೋಣ, ಉತ್ಸಾಹವೆಲ್ಲ ಸುರಿದು ಹಾಳಾಗುವ ಜಾಗ ಇದು. ಟೂಲ್‌ಸೆಟ್‌ನಲ್ಲಿ ಒಂದು ಟೈಲ್ (ನೆಲದ ತುಂಡು) 10 ಮೀಟರ್ ಚೌಕ, ಒಂದು ಏರಿಯಾ (ಒಂದು ಸ್ಥಳದ ನಕ್ಷೆ) ಹೆಚ್ಚೆಂದರೆ 32 ಗುಣಿಸು 32 ಟೈಲ್. ಹೊಸಬರು ಎಲ್ಲವನ್ನೂ 32ಕ್ಕೆ ಎಳೆದು ಮಧುಗಿರಿ, ಪಾವಗಡ, ಗುಡಿಬಂಡೆ, ನಂದಿ ಅಂತ ಇಡೀ ಸೀಮೆ ಕಟ್ಟಲು ಹೊರಡುತ್ತಾರೆ. ನಾಲ್ಕು ಜನ ಆಟಗಾರರು ಆ ಬಯಲಿನಲ್ಲಿ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಎಂಟು ಏರಿಯಾ ಮಾಡಿ, ಹೆಚ್ಚಿನವು 8 ಗುಣಿಸು 8 ಇರಲಿ. ಪೇಟೆ, ಛತ್ರ, ಕೆರೆ ಏರಿ, ಬೆಟ್ಟ ಹತ್ತುವ ದಾರಿಗೆ ಮೂರು, ಪಾಳೇಗಾರನ ಚಾವಡಿ, ಒಂದು ಗಣಿ. ಮಧುಗಿರಿಯ ನುಣುಪು ಏಕಶಿಲೆ ಈ ಟೈಲ್‌ಗಳಲ್ಲಿ ಬರುವುದಿಲ್ಲ, ನೆಲವನ್ನು ಹಂತ ಹಂತವಾಗಿ ಎತ್ತಬಹುದಷ್ಟೇ. ಅದಕ್ಕಾಗಿ ಬಂಡೆಯನ್ನು ನಕಲು ಮಾಡುವುದು ಬಿಟ್ಟು ಕೋಟೆಯ ಬಾಗಿಲುಗಳನ್ನು ತೆಗೆದುಕೊಳ್ಳಿ. ದಿಡ್ಡಿ ಬಾಗಿಲು, ಅಂತರಾಳದ ಬಾಗಿಲು ಎಂದು ಒಂದೊಂದು ಏರಿಯಾದ ಕೊನೆಗೆ ಒಂದೊಂದು. ಪ್ರತಿ ಬಾಗಿಲಿಗೂ ಒಬ್ಬ ಒಡೆಯ, ಒಂದು ಸುಂಕ. ಮೇಲೆ ಹೋಗಬೇಕಾದವನು ಮೂರು ಕಡೆ ಮಾತಾಡಲೇಬೇಕು.

ಗಣಿಗೆ ಕೋಲಾರದ ಚಿನ್ನದ ಗಣಿಯ ಗುಣ ತೆಗೆದುಕೊಳ್ಳಿ. ಅಲ್ಲಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ ಹೋಗಿತ್ತು. ಆಳಕ್ಕೆ ಇಳಿದಷ್ಟೂ ಬಂಡೆ ಕಾದಿರುತ್ತಿತ್ತು, ಒತ್ತಡಕ್ಕೆ ಸಿಡಿಯುತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು. ಆ ಬಂಡೆ ಸಿಡಿತವನ್ನೇ ಆಟಕ್ಕೆ ತನ್ನಿ: ಸುರಂಗದಲ್ಲಿ ಒಂದು ಟ್ರಿಗರ್ (ಕಾಲಿಟ್ಟರೆ ಸ್ಕ್ರಿಪ್ಟ್ ಓಡಿಸುವ ಜಾಗ), ಯಾವಾಗಲೋ ಒಮ್ಮೆ ಹಿಂದಿನ ದಾರಿಗೆ ಬಂಡೆ ಬಿದ್ದು ಮುಚ್ಚುವ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ), ಹೊರಗಿನಿಂದ ಮಾತ್ರ ತೆಗೆಯಲಾಗುವಂತೆ. ಒಳಗೆ ಸಿಕ್ಕಿದವರಿಗಾಗಿ ಪೇಟೆಯಲ್ಲಿದ್ದವರು ಓಡಿ ಬರಬೇಕಾಗುತ್ತದೆ. ನೂರು ಭೂತಗಳನ್ನು ಇಟ್ಟರೂ ಇಷ್ಟು ಕಥೆ ಹುಟ್ಟುವುದಿಲ್ಲ.

ನಿಯಮಗಳನ್ನೂ ಇದೇ ದಿಕ್ಕಿಗೆ ತಿರುಗಿಸಿ. ಡೀಫಾಲ್ಟ್ ಆಗಿ ಯಾರು ಎಲ್ಲಿ ಬೇಕಾದರೂ ರೆಸ್ಟ್ ಒತ್ತಿ ಗಾಯ ವಾಸಿ ಮಾಡಿಕೊಳ್ಳಬಹುದು. ಅದನ್ನು ಛತ್ರಕ್ಕೆ ಮಾತ್ರ ಸೀಮಿತಗೊಳಿಸಿದರೆ ಸಂಜೆಗೆ ಎಲ್ಲರೂ ಒಂದೇ ಪಡಸಾಲೆಯಲ್ಲಿ ಸೇರುತ್ತಾರೆ. ಆಟದ ಗಡಿಯಾರ ನಮ್ಮ ಎರಡು ನಿಮಿಷಕ್ಕೆ ಒಂದು ಗಂಟೆ ಓಡುತ್ತದೆ, ಅಂದರೆ 48 ನಿಮಿಷಕ್ಕೆ ದಿನ ಮುಗಿಯುತ್ತದೆ. ಮಾಡ್ಯೂಲ್ (ನೀವು ಕಟ್ಟಿದ ಇಡೀ ಲೋಕದ ಫೈಲ್) ಪ್ರಾಪರ್ಟೀಸ್‌ನಲ್ಲಿ ಅದನ್ನು ಆರು ನಿಮಿಷ ಮಾಡಿ, ಒಂದು ಸಂಜೆಯ ಆಟಕ್ಕೆ ಆಟದೊಳಗೂ ಒಂದು ದಿನ ಸರಿಹೋಗುತ್ತದೆ. ಲೆವೆಲ್‌ಗೆ 8ರಲ್ಲಿ ತಡೆ ಹಾಕಿ, 28,000 ಎಕ್ಸ್‌ಪಿ (ಅನುಭವದ ಅಂಕ) ಅಲ್ಲಿಗೆ ನಿಲ್ಲಲಿ. ಸತ್ತವರನ್ನು ಎಬ್ಬಿಸುವ ರೇಸ್ ಡೆಡ್ ಮಂತ್ರ ಕ್ಲೆರಿಕ್‌ಗೆ (ಪುರೋಹಿತ ವರ್ಗದ ಪಾತ್ರಕ್ಕೆ) ಸಿಗುವುದು 9ರಲ್ಲಿ. ಅಂಗಡಿಯಿಂದ ಅದರ ಸ್ಕ್ರೋಲ್ ತೆಗೆದು, ಸತ್ತಲ್ಲೇ ಎದ್ದು ನಿಲ್ಲಿಸುವ ಡೀಫಾಲ್ಟ್ ರೀಸ್ಪಾನ್ ಸ್ಕ್ರಿಪ್ಟನ್ನೂ ಬದಲಿಸಿದರೆ, ಸಾವಿಗೆ ಒಂದು ತೂಕ ಬರುತ್ತದೆ, ಹೆಣ ಹೊತ್ತು ತರಲು ಜನ ಬೇಕಾಗುತ್ತದೆ. ಪಾಳೇಗಾರರ ಜಗಳ, ಸುಂಕ, ಕೆರೆ ನೀರಿನ ಪಾಲು ಎಷ್ಟು ಬೇಕಾದರೂ ಇರಲಿ. ಈಗ ಬದುಕಿರುವ ಮನೆತನದ ಹೆಸರು, ಜಾತಿ, ಊರದೇವತೆ ಮಾತ್ರ ತರಬೇಡಿ. ಆಟದ ಜಗಳ ಬಸ್ ಸ್ಟ್ಯಾಂಡಿಗೆ ಬರುವುದು ಅಲ್ಲಿಂದಲೇ.

ಕನ್ನಡದ ವಿಷಯದಲ್ಲಿ ಒಂದು ಅಡ್ಡಿ ಇದೆ. ಈ ಎಂಜಿನ್ ಯೂನಿಕೋಡ್‌ಗಿಂತ ಹಳೆಯ ಅಕ್ಷರ ಕ್ರಮದ ಮೇಲೆ ನಿಂತಿದೆ. ಚಾಟ್‌ನಲ್ಲಾಗಲಿ, ಸಂಭಾಷಣೆಯಲ್ಲಾಗಲಿ ಕನ್ನಡ ಲಿಪಿ ಮೂಡುವುದಿಲ್ಲ. ಮೇಲೆ ಕಾವಲುಗಾರನಿಗೆ ಹೇಳಿದ ಮಾತನ್ನು ವಾಟ್ಸಾಪ್‌ನಲ್ಲಿ ಟೈಪಿಸುವಂತೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಹೊಂದಿಕೊಳ್ಳಲು ಒಂದು ವಾರ ಸಾಕು. ಆದರೆ ಚಿತ್ರಕ್ಕೆ ಲಿಪಿಯ ಹಂಗಿಲ್ಲ. ಪ್ರತಿ ಏರಿಯಾದ ಲೋಡಿಂಗ್ ಸ್ಕ್ರೀನ್ ಒಂದು ಚಿತ್ರ, ಶಾಸನದ ಕಲ್ಲಿನ ಮೇಲ್ಮೈಯೂ ಒಂದು ಚಿತ್ರ. ಅವುಗಳ ಮೇಲೆ ಕನ್ನಡದಲ್ಲಿ ಬರೆದು ಹ್ಯಾಕ್ ಫೈಲಿಗೆ ಸೇರಿಸಿದರೆ ಊರ ಹೆಸರು, ಕಲ್ಬರಹ ಎಲ್ಲ ಕನ್ನಡದಲ್ಲೇ ಕಾಣುತ್ತವೆ. ಆಟಗಾರರೂ ಓದಲು ನಿಲ್ಲುತ್ತಾರೆ.

ಐವರಲ್ಲಿ ಒಬ್ಬರು ಡಿಎಂ ಆಗಲೇಬೇಕು. ಡಿಎಂ ಕ್ಲೈಂಟ್ ಬೇರೆಯೇ ಇದೆ. ಅದರಿಂದ ಊರಿನ ಯಾವ ಪಾತ್ರದೊಳಗಾದರೂ ಹೊಕ್ಕು ಮಾತಾಡಬಹುದು, ಪ್ರಾಣಿಗಳನ್ನು ಹುಟ್ಟಿಸಬಹುದು. ಒಬ್ಬರ ಮೇಲೇ ಹೊರಿಸದೆ ತಿಂಗಳಿಗೊಬ್ಬರು ವಹಿಸಿಕೊಳ್ಳಿ. ದಿನವಿಡೀ ತೆರೆದಿಡುವುದಕ್ಕಿಂತ ವಾರಕ್ಕೆ ಎರಡು ರಾತ್ರಿ ಗೊತ್ತಾದ ಹೊತ್ತಿಗೆ ಆಡುವುದು ಚಿಕ್ಕ ಗುಂಪಿಗೆ ಒಳ್ಳೆಯದು. ಖಾಲಿ ಸರ್ವರ್‌ಗೆ ಬಂದ ಹೊಸಬ ಮತ್ತೆ ಬರುವುದಿಲ್ಲ.

ಕಡೆಯದಾಗಿ, ಎಲ್ಲರೂ ಕೈ ಸುಟ್ಟುಕೊಳ್ಳುವ ಕಡೆ. ಸರ್ವರ್ ರೀಸ್ಟಾರ್ಟ್ ಆದರೆ ಮಾಡ್ಯೂಲ್ ಮೊದಲಿನ ಸ್ಥಿತಿಗೆ ಮರಳುತ್ತದೆ: ಯಾರು ಬಾಗಿಲ ಒಡೆಯ, ಬಂಡೆ ಬಿದ್ದಿದೆಯೋ ಇಲ್ಲವೋ, ಅಂದಿನ ತಾರೀಕು ಕೂಡ ಅಳಿಸಿಹೋಗುತ್ತದೆ. ಉಳಿಯಬೇಕಾದದ್ದನ್ನೆಲ್ಲ ಕ್ಯಾಂಪೇನ್ ಡೇಟಾಬೇಸ್‌ಗೆ (ಸರ್ವರ್ ನಿಂತರೂ ಉಳಿಯುವ ಕಡತಕ್ಕೆ) ಬರೆಯಬೇಕು, ಶುರುವಾಗುವಾಗ ಓದಿಕೊಳ್ಳಬೇಕು. ಪಾತ್ರಗಳನ್ನೆಲ್ಲ ಒಟ್ಟಿಗೆ ಸೇವ್ ಮಾಡಲು ಎಕ್ಸ್‌ಪೋರ್ಟ್ ಆಲ್ ಕ್ಯಾರೆಕ್ಟರ್ಸ್ ಎಂಬ ಆಜ್ಞೆ ಇದೆ. ಮಾಡ್ಯೂಲ್‌ನ ಹಾರ್ಟ್‌ಬೀಟ್ ಆರು ಸೆಕೆಂಡಿಗೊಮ್ಮೆ ಬಡಿಯುತ್ತದೆ. ಎಣಿಸಿ ಐವತ್ತನೇ ಬಡಿತಕ್ಕೆ ಆ ಆಜ್ಞೆಯನ್ನು ಕರೆದರೆ ಐದು ನಿಮಿಷಕ್ಕೊಮ್ಮೆ ಎಲ್ಲರೂ ಸೇವ್ ಆಗುತ್ತಾರೆ. ಡ್ರೂಯಿಡ್‌ನಂತೆ ರೂಪ ಬದಲಿಸಿಕೊಂಡವರಿಗೆ ಇದರಿಂದ ಎಡವಟ್ಟಾಗುವುದುಂಟು, ಅವರನ್ನು ಬಿಟ್ಟು ಉಳಿದವರನ್ನು ಒಬ್ಬೊಬ್ಬರಾಗಿ ಎಕ್ಸ್‌ಪೋರ್ಟ್ ಮಾಡುವ ಸ್ಕ್ರಿಪ್ಟ್ ಬರೆಯಿರಿ. ಸರ್ವರ್ ವಾಲ್ಟ್, ಡೇಟಾಬೇಸ್ ಎರಡೂ ಫೋಲ್ಡರ್‌ಗಳ ನಕಲು ಪ್ರತಿ ರಾತ್ರಿ ಬೇರೆ ಯಂತ್ರಕ್ಕೆ ಹೋಗಲಿ.

ಮೊದಲ ಆಟದ ಹಿಂದಿನ ದಿನ ಐವರೂ ಒಳಗೆ ಬಂದು, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಒಂದು ಕತ್ತಿ ಕೊಡಿಸಿ, ಒಂದು ಬಾಗಿಲ ಒಡೆಯನನ್ನು ಬದಲಿಸಿ, ಆರು ನಿಮಿಷ ಕಾದು ಸರ್ವರ್ ಪ್ರೋಗ್ರಾಂ ಅನ್ನು ಬೇಕಂತಲೇ ಕೊಂದುಹಾಕಿ. ಮತ್ತೆ ಶುರುಮಾಡಿದಾಗ ಕತ್ತಿ ಹೊಸಬನ ಹತ್ತಿರ ಮಾತ್ರ ಇರಬೇಕು, ಬಾಗಿಲು ಹೊಸ ಒಡೆಯನ ಹೆಸರಿನಲ್ಲಿರಬೇಕು. ಕತ್ತಿ ಇಬ್ಬರ ಹತ್ತಿರವೂ ಕಂಡರೆ ಒಬ್ಬರ ಫೈಲ್ ಸೇವ್ ಆಗಿ ಇನ್ನೊಬ್ಬರದು ಆಗಿಲ್ಲ ಅಂತ ಅರ್ಥ. ವಸ್ತು ಕೈ ಬದಲಾದ ತಕ್ಷಣ ಇಬ್ಬರನ್ನೂ ಸೇವ್ ಮಾಡುವಂತೆ ಸ್ಕ್ರಿಪ್ಟ್ ತಿದ್ದಿ, ಇನ್ನೊಮ್ಮೆ ಕೊಂದು ನೋಡಿ.